ತಿಂಗಳಾಯರ ಸಾಲು

ಕೊಡಿಯಾಲಬೈಲು, ಬ್ಯಾಂಕಿನ ಮೂರನೆಯ ಮಾಳಿಗೆ.
ಹನ್ನೊಂದೂವರೆ. ಎಸಿಯ ನೀರು
ಬಕೆಟ್ಟಿಗೆ ತೊಟ್ಟಿಕ್ಕುವುದು ಬಿಟ್ಟರೆ
ಮಾತಾಡುವವರು ಯಾರೂ ಇಲ್ಲ.
ಒಂದು ಯಂತ್ರ ಕಟ್ಟುತ್ತಿದ್ದೇನೆ,
ಮುಟ್ಟಲು ಸಿಗದ್ದು,
ಇನ್ನೂರು ಸಲ ಹುಟ್ಟಬೇಕಾದ್ದು.

ಮೊದಲು ಬರಿಯ ಡಿಸ್ಕು. ಹತ್ತು ಜಿಬಿ ಕತ್ತಲೆ.
ಅದರೊಳಗೆ ಲಿನಕ್ಸು ಇಳಿಸಿದೆ,
ಗಡಿಯಾರಕ್ಕೆ ನಮ್ಮ ಹೊತ್ತು ಹೇಳಿಕೊಟ್ಟೆ,
ಕನ್ನಡದ ಅಕ್ಷರ ತುಂಬಿದೆ:
ಪಾಸ್‌ಬುಕ್ಕಿನಲ್ಲಿ ಕೃಷ್ಣಾಪುರದ ಗ್ರಾಹಕರು
ಚೌಕ ಚೌಕವಾಗಿ ಬರಬಾರದಲ್ಲ.
ಹಾಡು ಕೇಳಿಸುವುದನ್ನೂ ಬ್ಲೂಟೂತನ್ನೂ ಕಿತ್ತೆ.
ಬ್ಯಾಂಕಿನ ಯಂತ್ರಕ್ಕೆ ಹಾಡು ಯಾಕೆ.

ಇನ್ನು ಮರೆಸುವ ಕೆಲಸ.
ಕಲಿಸುವುದು ಯಾರಿಗೂ ಬರುತ್ತದೆ, ಇದೇ ಕಷ್ಟ.
ಹೆಸರು ಒರೆಸಬೇಕು, ಗುರುತಿನ ಸಂಖ್ಯೆ ಖಾಲಿ ಮಾಡಬೇಕು,
ಹುಟ್ಟಿದಾಗಿನಿಂದ ಬರೆದುಕೊಂಡ ದಿನಚರಿ,
ನಾನು ಕೊಟ್ಟ ಆಜ್ಞೆಗಳ ನೆನಪು ಕೂಡ.
ಒಮ್ಮೆ ಮರೆತಿದ್ದೆ, ನಿಮಗೆ ನೆನಪುಂಟಲ್ಲ,
ಸೋಮವಾರ ಬೆಳಿಗ್ಗೆ ನಲವತ್ತು ಶಾಖೆಗಳಲ್ಲಿ
ನಲವತ್ತು ಯಂತ್ರ ಎದ್ದು ಒಂದೇ ಗುರುತು ಹೇಳಿದವು.
ಒಂದೇ ವಿಳಾಸಕ್ಕೆ ಜಗಳ:
ಸುರತ್ಕಲ್ ಎದ್ದರೆ ಮೂಲ್ಕಿ ಬಿತ್ತು,
ಮೂಲ್ಕಿ ಎದ್ದರೆ ಉಳ್ಳಾಲ.
ಹೊರಗೆ ಪಿಂಚಣಿಯವರ ಸಾಲು.
ನೀವು ಬೈಯಲಿಲ್ಲ. ಗೋಳಿಬಜೆ ತರಿಸಿ
‘ಎಂತ ಜುಡಿತ್ ಬಾಯಿ,
ಅವಳಿಗಳಿಗೂ ಎರಡು ಹೆಸರಿಡುತ್ತಾರೆ’ ಎಂದಿರಿ.

ಒರೆಸುತ್ತ ಒರೆಸುತ್ತ
ಬೀಗದ ಕೈಗಳ ಕಡತ ತೆರೆದರೆ
ಎರಡನೆಯ ಸಾಲು ನಿಮ್ಮದು.
ಬಲೆಯ ಹುರಿಯ ಹಾಗೆ ಉದ್ದ, ಓದಲಾಗದ ಅಕ್ಷರಗಳು,
ತುದಿಯಲ್ಲಿ ಮಾತ್ರ ಮನುಷ್ಯರ ಭಾಷೆ:
ವಾದಿರಾಜ ತಿಂಗಳಾಯ, ಡೆಸ್ಕ್ ನಾಲ್ಕು.
ನೀವು ಬಿಟ್ಟು ಹೋಗಿ ಹತ್ತೊಂಬತ್ತು ತಿಂಗಳು.
ಆಮೇಲೆ ಹುಟ್ಟಿದ ಒಂದೊಂದು ಯಂತ್ರವೂ,
ನಿಮ್ಮ ಮುಖ ಕಾಣದ್ದು, ನಿಮ್ಮ ಕೆಮ್ಮು ಕೇಳದ್ದು,
ತನ್ನ ಹೆಸರು ತಿಳಿಯುವ ಮೊದಲೇ
ನಿಮಗೊಂದು ಬಾಗಿಲು ಇಟ್ಟುಕೊಂಡಿದೆ.

ಮೊನ್ನೆ ದಕ್ಕೆಗೆ ಬಂದಿದ್ದೆ, ಬಂಗುಡೆಗೆ.
ನಿಮ್ಮ ಐಸ್ ಪ್ಲಾಂಟಿನಲ್ಲಿ ಡಬ್ಬಿಗಳನ್ನು
ಉಪ್ಪುನೀರಿನಿಂದ ಎತ್ತಿ ಕವುಚುತ್ತಿದ್ದರು.
ಸುತ್ತ ಕನ್ನಡಿ, ನಡುವೆ ಬಿಳಿಯ ಮೂಳೆ,
ಎಲ್ಲ ಗಡ್ಡೆಗಳಲ್ಲೂ ಅದೇ ಜಾಗಕ್ಕೆ.
‘ಅದೆಂತದ್ದು?’
‘ಗಾಳಿ. ಹೊರಗಿನಿಂದ ಹೆಪ್ಪುಗಟ್ಟುತ್ತ ಬರುವಾಗ
ಓಡಲಿಕ್ಕೆ ದಾರಿಯಿಲ್ಲದೆ ನಿಂತದ್ದು.’
‘ತೆಗೆಯಲಿಕ್ಕಾಗುವುದಿಲ್ಲವಾ?’
‘ಆಗುತ್ತದೆ. ಮೀನಿಗೆ ಎಂತ ವ್ಯತ್ಯಾಸ?’

ಮೀನಿಗಿಲ್ಲ. ಆಡಿಟರಿಗೆ ಉಂಟು.
ಸಾಯಂಕಾಲ ಫೋನು ಮಾಡಿದಾಗ ನಕ್ಕಿರಿ,
‘ಅಯ್ಯೋ, ಇನ್ನೂ ಉಂಟಾ ಅದು?
ಆ ಲ್ಯಾಪ್‌ಟಾಪು ಐಸ್ ನೀರು ಕುಡಿದು ಸತ್ತೇ ಹೋಯ್ತು.’
ಎಲ್ಲೂ ಇಲ್ಲದ ಕೈಗೆ
ಇನ್ನೂರು ಬೀಗಗಳು ಕಾಯುತ್ತಿವೆ ಹಾಗಾದರೆ.

ಸಾಲಿನ ಮೇಲೆ ನಿಂತು
ಡಿ ಒತ್ತಿದೆ. ಇನ್ನೊಮ್ಮೆ ಡಿ.
ಕೆಳಗಿದ್ದ ನನ್ನ ಸಾಲು ಮೇಲೇರಿತು,
ಯಾರೂ ಎದ್ದು ಹೋಗಿಲ್ಲವೆಂಬಂತೆ.

ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬಿದೆ,
ಹಿಂಡಿ ಕಿರಿದು ಮಾಡಿದೆ, ಮೊಹರು ತೆಗೆದೆ.
ಒಂದು ಸಾಲು ಹೋದದ್ದಕ್ಕೆ
ಅರವತ್ತನಾಲ್ಕು ಅಕ್ಷರಗಳ ಮೊಹರು
ಗುರುತೇ ಸಿಗದಷ್ಟು ಬದಲಾಗಿದೆ.

ಹಳೆಯವು ಇನ್ನೂ ಓಡುತ್ತಿವೆ.
ರಿಪೇರಿ ಮಾಡುವುದಿಲ್ಲ ನಾವು, ಬದಲಿಸುತ್ತೇವೆ
(ನಿಮ್ಮದೇ ನಿಯಮ), ದಿನಕ್ಕೆ ಐದರಂತೆ.
ಎಂದರೆ ಇನ್ನು ನಲವತ್ತು ದಿನ
ಎಲ್ಲೋ ಒಂದು ಕಡೆ, ಬೈಕಂಪಾಡಿಯಲ್ಲೋ ಪಡುಬಿದ್ರಿಯಲ್ಲೋ,
ನಿಮಗೆ ಒಳಗೆ ಬರಬಹುದು.

ಹೊಸದನ್ನು ಎಬ್ಬಿಸಿ ನೋಡಿದೆ. ಹನ್ನೊಂದು ಸೆಕೆಂಡು.
ಕಣ್ಣು ಬಿಟ್ಟದ್ದೇ ನನ್ನನ್ನು ಕೇಳಿತು, ಯಾರು.
ಹೇಳಿದೆ.
ಬಕೆಟ್ಟು ತುಂಬಿತ್ತು. ಚೆಲ್ಲಿ ಬಂದೆ.